ಹೆತ್ತವರಿಗೆ ಹೆಗ್ಗಣ, ಕಟ್ಟಿದವರಿಗೆ ಪೆಟ್ಟಿಗೆ

ಸ್ಪೀಕರ್ ಕೊಳ್ಳಲೋ ಕಟ್ಟಲೋ ಎಂದು ಕೇಳಿಕೊಂಡು ಬರುವವರು ಸಲಹೆಗೆ ಬರುವುದಿಲ್ಲ, ಸಾಕ್ಷಿಗೆ ಬರುತ್ತಾರೆ. ತೀರ್ಮಾನ ಎಂದೋ ಆಗಿರುತ್ತದೆ. ಬೇಸ್ ನುಡಿಸುವ ವೂಫರ್ ಆಗಲೇ ಮನೆ ಸೇರಿ, ಬೀರುವಿನ ಮೇಲೆ ಹಳೇ ಸೂಟ್‌ಕೇಸಿನ ಮರೆಯಲ್ಲಿ ಅಜ್ಞಾತವಾಸದಲ್ಲಿರುತ್ತದೆ. ಮನೆಯಾಕೆಯ ಎದುರು 'ನೋಡು, ಅವರೂ ಹೇಳಿದ್ರು' ಎನ್ನಲು ಒಂದು ಬಾಯಿ ಬೇಕಾಗಿರುತ್ತದೆ, ಅಷ್ಟೆ. ನನ್ನ ಭಾಮೈದ ಮೈಸೂರಿನಿಂದ ಬಂದದ್ದೂ ಇದೇ ಘನಕಾರ್ಯಕ್ಕೆ. ಹೆಂಡತಿಯನ್ನೂ ಕರೆತಂದಿದ್ದ, ಸಾಕ್ಷಿ ನುಡಿಯುವಾಗ ನ್ಯಾಯಾಧೀಶರು ಎದುರಿಗಿರಬೇಕಲ್ಲ.

"ಭಾವ, ಲಕ್ಷ ರೂಪಾಯಿ ಸ್ಪೀಕರ್ ಬಿಚ್ಚಿದ್ರೆ ಒಳಗೆ ಏನಿರುತ್ತೆ ಹೇಳಿ? ಎರಡು ಡ್ರೈವರು, ನಾಕು ಕೆಪಾಸಿಟರು, ಒಂದಿಷ್ಟು ತಾಮ್ರದ ತಂತಿ, ಒಂದು ಪೆಟ್ಟಿಗೆ. ಅಷ್ಟನ್ನೂ ನಾನು ಇಪ್ಪತ್ತು ಸಾವಿರದಲ್ಲಿ ಮುಗಿಸ್ತೀನಿ."

ಭೂಮಿಯ ಮೇಲೆ ಸ್ಪೀಕರ್ ಕಟ್ಟಲು ಹೊರಟ ಪ್ರತಿಯೊಬ್ಬನೂ ಅವನವನ ಭಾಷೆಯಲ್ಲಿ ಆಡಿರುವ ಮಾತಿದು. ಮಾತು ನಿಜವಾಗಿರುವುದೇ ದೊಡ್ಡ ತೊಂದರೆ. ಸುಳ್ಳಾಗಿದ್ದರೆ ಈ ಕಾಯಿಲೆ ಇಷ್ಟು ಹರಡುತ್ತಿರಲಿಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬಿಬ್ಬರು 1925ರಲ್ಲಿ ಒಂದು ಪ್ರಬಂಧ ಬರೆದರು. ಕಾಗದದ ಕೋನು, ಅದರ ಬುಡಕ್ಕೆ ತಂತಿಯ ಕಾಯಿಲ್, ಕಾಯಿಲ್ ಸುತ್ತ ಅಯಸ್ಕಾಂತ. ಹಾಡಿನ ಕರೆಂಟು ಹರಿದರೆ ಕಾಯಿಲ್ ಹಿಂದೆ ಮುಂದೆ ಕುಣಿಯುತ್ತದೆ, ಕಾಯಿಲ್ ಕುಣಿದರೆ ಕೋನು ಕುಣಿಯುತ್ತದೆ, ಕೋನು ಕುಣಿದರೆ ಗಾಳಿ, ಕೊನೆಗೆ ನಿಮ್ಮ ಕಿವಿಯ ತಮಟೆ. ಅಲ್ಲಿಂದಾಚೆ ಕಾಗದದ ಜಾಗಕ್ಕೆ ಕೆಲವು ಕಡೆ ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಬಂದಿವೆ. ಕರೆಂಟಿನ ಅಯಸ್ಕಾಂತ ಹೋಗಿ ಫೆರೈಟು, ನಿಯೋಡೈಮಿಯಂ ಬಂದಿವೆ. ಮೂಲ ಉಪಾಯ ಮಾತ್ರ ನೂರು ವರ್ಷದಿಂದ ಕದಲಿಲ್ಲ. ಲಕ್ಷದ ಸ್ಪೀಕರಿನಲ್ಲೂ ಅದೇ, ನಿಮ್ಮ ಹಳೇ ಟ್ರಾನ್ಸಿಸ್ಟರ್ ರೇಡಿಯೋದಲ್ಲೂ ಅದೇ. ಹೀಗಿರುವಾಗ ನಾನೇ ಯಾಕೆ ಮಾಡಬಾರದು ಎಂದು ಯಾರಿಗಾದರೂ ಅನ್ನಿಸದಿದ್ದರೆ ಅವನ ಕೈಗೆ ಸ್ಕ್ರೂಡ್ರೈವರ್ ಕೊಡದೆ ಬೆಳೆಸಿದ್ದಾರೆ ಎಂದೇ ಅರ್ಥ.

ಹಾಗಾದರೆ ದುಡ್ಡು ಹೋಗುವುದೆಲ್ಲಿ? ಪೆಟ್ಟಿಗೆಯಲ್ಲಿ. ಕೋನು ಮುಂದಿನ ಗಾಳಿಯನ್ನು ತಳ್ಳುವಾಗ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಬರೀ ಡ್ರೈವರನ್ನು, ಅಂದರೆ ಈ ಕೋನು-ಕಾಯಿಲ್-ಅಯಸ್ಕಾಂತವನ್ನು, ಮೇಜಿನ ಮೇಲೆ ಇಟ್ಟು ಹಾಡಿಸಿ ನೋಡಿ. ಮುಂದೆ ತಳ್ಳಿದ ಗಾಳಿ ಅಂಚಿನಿಂದ ಸುತ್ತಿಕೊಂಡು ಹಿಂದಿನ ಖಾಲಿ ಜಾಗಕ್ಕೆ ನುಗ್ಗಿ ಎರಡೂ ರಾಜಿಯಾಗಿಬಿಡುತ್ತವೆ. ಕಿವಿಗೆ ಬೇಸ್ ಬರುವುದೇ ಇಲ್ಲ, ಕೀಚಲು ಮಾತ್ರ ಉಳಿಯುತ್ತದೆ. ಈ ರಾಜಿ ತಪ್ಪಿಸಲು ಮುಂದಕ್ಕೂ ಹಿಂದಕ್ಕೂ ನಡುವೆ ಗೋಡೆ ಎಬ್ಬಿಸಬೇಕು. ಆ ಗೋಡೆಯನ್ನೇ ಮಡಿಸಿ ಮಡಿಸಿ ಆರು ಮೈ ಮಾಡಿದರೆ ಪೆಟ್ಟಿಗೆ.

ಇದನ್ನು ನಮ್ಮ ಕಡೆಯ ಕ್ಷೌರದಂಗಡಿಯವರೂ ಆಟೋದವರೂ ಯಾರ ಪ್ರಬಂಧವನ್ನೂ ಓದದೆ ಕಂಡುಕೊಂಡಿದ್ದರು. ಮಣ್ಣಿನ ಮಡಕೆಯ ಬಾಯಿಗೆ ಕಾರಿನ ಸ್ಪೀಕರನ್ನು ಮುಖ ಹೊರಗೆ ಮಾಡಿ ಕೂರಿಸಿ ಮೂಲೆಗೆ ನೇತುಹಾಕಿದರೆ ರಾಜ್‌ಕುಮಾರ್ ಹಾಡು ಇಡೀ ಬೀದಿಗೆ ಕೇಳುತ್ತಿತ್ತು. ನಗಬೇಡಿ. ಮಡಕೆ ಗಟ್ಟಿ, ಗುಂಡಗಿದೆ, ಆದ್ದರಿಂದ ಗೋಡೆ ತಾನೇ ಅದುರಿ ತನ್ನದೊಂದು ಸ್ವರ ಸೇರಿಸುವ ಪೀಡೆ ಕಡಿಮೆ. ಒಳಗೊಂದು ಹಿಡಿ ಹತ್ತಿ ತುರುಕಿದರೆ ಇನ್ನೂ ಸಭ್ಯವಾಗುತ್ತದೆ. ಸ್ಪೀಕರ್ ತಾನೇ ಕಟ್ಟಿದ್ದರಿಂದ ದುಡ್ಡು ಉಳಿಯಿತು ಎಂದು ಎದೆ ಮುಟ್ಟಿ ಹೇಳಬಲ್ಲವರು ಕರ್ನಾಟಕದಲ್ಲಿ ಇಬ್ಬರೇ: ಒಬ್ಬರು ಈ ಮಡಕೆಯವರು. ಇನ್ನೊಬ್ಬರು ಗಣಪತಿ ಮೆರವಣಿಗೆಗೆ ಲಾರಿಯ ಮೇಲೆ ಆಳೆತ್ತರ ಬಾಕ್ಸ್ ಜೋಡಿಸುವ ಡಿ.ಜೆ.ಯವರು, ಅವರು ಒಂದೇ ಅಳತೆಯ ಬಾಕ್ಸುಗಳನ್ನು ಊರಿನ ಬಡಗಿಯ ಹತ್ತಿರವೇ ಸಾಲಾಗಿ ಹೊಡೆಸುತ್ತಾರೆ, ಬಾಡಿಗೆಯಲ್ಲಿ ಹಣ ಹಿಂದಕ್ಕೆ ತೆಗೆಯುತ್ತಾರೆ. ನನ್ನ ಭಾಮೈದನಿಗೆ ಮಡಕೆ ಮರ್ಯಾದೆಗೆ ಕಡಿಮೆ, ಲಾರಿ ಇಲ್ಲ.

ಅವನಿಗೆ ಬೇಕಾದದ್ದು ಹನ್ನೆರಡು ಇಂಚಿನ ವೂಫರು. ಬೀರುವಿನ ಮೇಲಿದ್ದದ್ದೂ ಅದೇ ಎಂದು ಆಮೇಲೆ ತಿಳಿಯಿತು.

"ಹನ್ನೆರಡು ಇಂಚು ಯಾಕಪ್ಪಾ?" ಎಂದೆ.

"ಬೇಸ್, ಭಾವ. ಎದೆ ನಡುಗಬೇಕು."

ಇವನು ಕೇಳುವುದಾದರೂ ಏನು? ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ್, ಭಾನುವಾರ ಮಧ್ಯಾಹ್ನ ಪಿ.ಬಿ. ಶ್ರೀನಿವಾಸ್. ಲೆಕ್ಕ ಹಾಕಿ ನೋಡೋಣ. ಹಾಡುವವರ ಷಡ್ಜ ಹಾರ್ಮೋನಿಯಂನ ಕಪ್ಪು ಒಂದರಲ್ಲಿದ್ದರೆ ಗಂಡು ಧ್ವನಿಗೆ ಅದು ಸೆಕೆಂಡಿಗೆ ಸುಮಾರು 139 ಕಂಪನ. ತಂಬೂರಿಯ ಖರ್ಜದ ತಂತಿ ಅದರ ಅರ್ಧ, ಸುಮಾರು 69. ತಬಲಾದ ಎಡಗೈ ಗುಂಕಾರವೂ ಅದರ ಆಸುಪಾಸಿನಲ್ಲೇ ಸುಳಿದಾಡುತ್ತದೆ. ಅದಕ್ಕಿಂತ ಕೆಳಗೆ ಆ ಧ್ವನಿಮುದ್ರಿಕೆಗಳಲ್ಲಿ ಏನಾದರೂ ಇದ್ದರೆ ಸಭಾಂಗಣದ ಹೊರಗೆ ಹೋದ ಲಾರಿ ಇದ್ದೀತು. ಐದಾರು ಇಂಚಿನ ಒಳ್ಳೆಯ ವೂಫರಿಗೆ 69 ಕಂಪನ ಲೆಕ್ಕಕ್ಕಿಲ್ಲ. ಇದನ್ನು ಹೇಳಿದರೆ ಅವನ ಮುಖ ಬಾಡಿತು. ಅವನ ಹೆಂಡತಿಯ ಮುಖ ಅರಳಿತು. "ಅಂದ್ರೆ ಅಣ್ಣ, ಚಿಕ್ಕದು ಸಾಕು ಅಂತಲಾ?" ಎಂದಳು. ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕಪತ್ರ ನೋಡುವವಳು. ಮಾತಿನ ತಿರುಳನ್ನು ತಕ್ಷಣ ಹಿಡಿಯುತ್ತಾಳೆ.

ಬೇಸ್ ಹುಚ್ಚಿನವರಿಗೆ ಒಂದು ಹಳೆಯ ಕಟ್ಟುಪಾಡು ಹೇಳಬೇಕು. 1957ರಲ್ಲಿ ಅಮೆರಿಕದಲ್ಲಿ ಕೆ.ಎಲ್.ಎಚ್. ಎಂಬ ಸ್ಪೀಕರ್ ಕಂಪನಿ ಹುಟ್ಟಿತು. ಮೂರಕ್ಷರ ಮೂರು ಪಾಲುದಾರರವು. ಅದರ ಎಚ್, ಆಂಟನ್ ಹಾಫ್‌ಮನ್, ಹೆಸರಾಂತ ಪಿಯಾನೋ ವಾದಕ ಜೋಸೆಫ್ ಹಾಫ್‌ಮನ್‌ರ ಮಗ. ಅವರ ಹೆಸರಿನಲ್ಲಿ ಇವತ್ತಿಗೂ ಓಡಾಡುವ ನಿಯಮ ಇದು: ಆಳದ ಬೇಸ್, ಚಿಕ್ಕ ಪೆಟ್ಟಿಗೆ, ಕಡಿಮೆ ಕರೆಂಟಿನಲ್ಲಿ ಜೋರು ಸದ್ದು, ಈ ಮೂರರಲ್ಲಿ ಯಾವ ಎರಡನ್ನು ಬೇಕಾದರೂ ಕೇಳಿ, ಮೂರನೆಯದನ್ನು ಬಿಡಿ. ತಪಸ್ಸು ಮಾಡಿದರೂ ಮೂರೂ ಸಿಗುವುದಿಲ್ಲ. ಕೊಳ್ಳುವವನಿಗೂ ಇದು ಅನ್ವಯ, ಕಟ್ಟುವವನಿಗೂ ಅನ್ವಯ. ಕೊಳ್ಳುವವನ ಪರವಾಗಿ ಕಂಪನಿಯವರು ಯಾವ ಎರಡು ಎಂದು ಆಗಲೇ ಆರಿಸಿರುತ್ತಾರೆ. ಕಟ್ಟುವವನು ಮೂರನ್ನೂ ಕೇಳುತ್ತಾ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾನೆ.

ಎಸ್.ಪಿ. ರೋಡ್ ಎಂದಾಗ ನೆನಪಾಯಿತು. ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು ಎಂಬುದು ಒಂದು ಕಾಲದಲ್ಲಿ ನಿಜಕ್ಕೂ ಅಂದಾಜಿನ ಮಾತಾಗಿತ್ತು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ, ಈ ಅಂದಾಜಿಗೆ ಮಂಗಳ ಹಾಡಿದರು. ಡ್ರೈವರ್ ಯಾವ ಸ್ವರದಲ್ಲಿ ತಾನಾಗಿ ಅನುರಣಿಸುತ್ತದೆ, ಆ ಅನುರಣನಕ್ಕೆ ಕಡಿವಾಣ ಎಷ್ಟು, ಅದರ ಬಿಗುಪು ಎಷ್ಟು ಲೀಟರ್ ಗಾಳಿಗೆ ಸಮ, ಈ ಮೂರು ಅಂಕಿ ಗೊತ್ತಿದ್ದರೆ ಪೆಟ್ಟಿಗೆಯ ಲೀಟರನ್ನೂ ಅದಕ್ಕೆ ಕೂರಿಸಬೇಕಾದ, ಬೇಸಿಗೆ ದಾರಿ ಬಿಡುವ ಪೋರ್ಟ್ ಎಂಬ ಕೊಳವೆಯ ಉದ್ದವನ್ನೂ ಕಾಗದದ ಮೇಲೇ ತೆಗೆಯಬಹುದು. ಈಗ ಅದಕ್ಕೆ ಕಾಗದವೂ ಬೇಡ, ಪುಕ್ಕಟೆ ಸಾಫ್ಟ್‌ವೇರ್ ಇದೆ. ಒಳ್ಳೆಯ ಡ್ರೈವರ್ ಮಾಡುವವರು ಆ ಅಂಕಿಗಳನ್ನು ಹಾಳೆಯಲ್ಲಿ ಅಚ್ಚು ಹಾಕಿಕೊಡುತ್ತಾರೆ. ಅಂಗಡಿಯಲ್ಲಿ ಆ ಹಾಳೆ ಕೇಳಿ ನೋಡಿ. "ಹಾಳೆ ಯಾಕ್ ಸಾರ್, ಒಂದೂವರೆ ಅಡಿಗೆ ಒಂದಡಿ ಬಾಕ್ಸ್ ಹೊಡೆಸಿ, ಸೂಪರ್ ಬರುತ್ತೆ" ಎನ್ನುತ್ತಾರೆ. ಯಾವ ಡ್ರೈವರಿಗಾದರೂ ಅದೇ ಒಂದೂವರೆ ಅಡಿ. ಆ ಅಂಗಡಿಯ ಪಕ್ಕದಲ್ಲೇ ಹೆಸರಾಂತ ಬ್ರ್ಯಾಂಡಿನ ಹೆಸರಿಗೆ ಒಂದಕ್ಷರ ಹೆಚ್ಚೋ ಕಡಿಮೆಯೋ ಆಗಿರುವ ವೂಫರು ಕಾಲು ಬೆಲೆಗೆ ಸಿಗುತ್ತದೆ. ಅದಕ್ಕೆ ಹಾಳೆ ಇರುವುದಿಲ್ಲ, ತಂದೆ ತಾಯಿಯೂ ಇರುವುದಿಲ್ಲ.

ಈಗ ಬಡಗಿಯ ಪ್ರಕರಣಕ್ಕೆ ಬರೋಣ. ಈ ಇಡೀ ವಿದ್ಯೆಯಲ್ಲಿ ಥೀಲ್, ಸ್ಮಾಲ್, ಹಾಫ್‌ಮನ್ ಎಲ್ಲರಿಗಿಂತ ದೊಡ್ಡ ವ್ಯಕ್ತಿ ಬಡಗಿ. ಅವರು ಬರುತ್ತೇನೆ ಎಂದ ದಿನ ಬರುವುದಿಲ್ಲ, ಅದು ಹಳೆಯ ಮಾತು. ಬಂದ ದಿನದ ಕಥೆ ಕೇಳಿ. ಭಾಮೈದ ನಕ್ಷೆ ಬಿಡಿಸಿ ಕೊಟ್ಟ: ಹದಿನೆಂಟು ಮಿಲಿಮೀಟರ್ ಪ್ಲೈವುಡ್, ಆರೂ ಕಡೆ ಮುಚ್ಚಿದ ಪೆಟ್ಟಿಗೆ, ಮುಂದೆ ಎರಡು ದುಂಡು ತೂತು, ಒಳಗೆ ಅಡ್ಡಪಟ್ಟಿ. ಆಚಾರ್ರು ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಬಾಗಿಲು ಯಾವ ಕಡೆ ಇಡ್ಲಿ ಸಾರ್?" ಎಂದರು.

ಬಾಗಿಲಿಲ್ಲ.

"ಬಾಗಿಲಿಲ್ದೆ ಒಳಗೆ ಸಾಮಾನು ಹೆಂಗೆ ಇಡ್ತೀರಾ?"

ಸಾಮಾನು ಇಡುವುದಿಲ್ಲ, ಒಳಗೆ ಇರುವುದು ಗಾಳಿ ಮಾತ್ರ. ಆಚಾರ್ರು ಒಮ್ಮೆ ಭಾಮೈದನನ್ನು, ಒಮ್ಮೆ ಅವನ ಹೆಂಡತಿಯನ್ನು ನೋಡಿದರು. ಗಾಳಿ ತುಂಬಿಡಲು ಹದಿನೆಂಟು ಮಿಲಿಮೀಟರ್ ಪ್ಲೈವುಡ್ ತರಿಸುವವರ ಮನೆಯಲ್ಲಿ ಕೂಲಿಯನ್ನು ಮುಂಗಡವಾಗಿ ಪಡೆಯುವುದು ಕ್ಷೇಮ ಎಂದು ಅವರಿಗೆ ಅನ್ನಿಸಿರಬೇಕು. ಪಡೆದರು. ಕೆಲಸವನ್ನೂ ಚೆನ್ನಾಗಿಯೇ ಮಾಡಿದರು. ಮೂಲೆಗಳು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಕೊನೆಗೆ, ಪಾಪ, ತಮ್ಮ ಕಡೆಯಿಂದ ಒಂದು ಉಪಕಾರ ಎಂದು ಹಿಂದಿನ ಹಲಗೆಗೆ ಸಾಲಾಗಿ ಚಿಕ್ಕ ಚಿಕ್ಕ ತೂತು ಕೊರೆದಿಟ್ಟರು. "ಗಾಳಿ ಆಡ್ಬೇಕಲ್ಲ ಸಾರ್."

ಮುಚ್ಚಿದ ಪೆಟ್ಟಿಗೆಯ ಸ್ಪೀಕರಿಗೆ ಒಂದೇ ಒಂದು ವ್ರತ: ಗಾಳಿ ಆಡಬಾರದು. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬವರು ಅಮೆರಿಕದಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಕಂಪನಿ ಕಟ್ಟಿದ್ದೇ ಈ ವ್ರತದ ಮೇಲೆ. ಕೋನಿನ ಅಂಚನ್ನು ಸಡಿಲ ಬಿಟ್ಟು, ಒಳಗೆ ಸಿಕ್ಕಿಬಿದ್ದ ಗಾಳಿಯೇ ಸ್ಪ್ರಿಂಗಿನಂತೆ ಹಿಂದಕ್ಕೂ ಮುಂದಕ್ಕೂ ಹಿಡಿದಾಡಿಸಲಿ ಎಂದು ಅವರು ಬಿಟ್ಟರು. ಪುಸ್ತಕದ ಕಪಾಟಿನಲ್ಲಿ ಇಡಬಹುದಾದಷ್ಟು ಪೆಟ್ಟಿಗೆಯಿಂದ, ಅಲ್ಲಿಯವರೆಗೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಕೊಡುತ್ತಿದ್ದ ಬೇಸ್ ಬಂತು. ಆ ಸಿಕ್ಕಿಬಿದ್ದ ಗಾಳಿಗೆ ನಮ್ಮ ಆಚಾರ್ರು ಜಾಮೀನು ಕೊಡಿಸಿದ್ದರು. ತೂತುಗಳನ್ನೆಲ್ಲ ಫೆವಿಕಾಲ್ ಮತ್ತು ಮರದ ಪುಡಿ ಕಲೆಸಿ ಮುಚ್ಚಿದ್ದಾಯಿತು. ಆಚಾರ್ರಿಗೆ ಅದರಿಂದ ಆದ ಬೇಸರ ಇನ್ನೂ ಹೋಗಿಲ್ಲ.

ಇನ್ನು ಕ್ರಾಸ್‌ಓವರ್, ಎಂದರೆ ಯಾವ ಸ್ವರ ತಗ್ಗಿನ ವೂಫರಿಗೆ, ಯಾವುದು ಏರಿನ ಟ್ವೀಟರಿಗೆ ಎಂದು ಪಾಲು ಮಾಡುವ ಕಾಯಿಲ್-ಕೆಪಾಸಿಟರ್ ಜಾಲ. ರಸ್ತೆಬದಿಯ ರಿಪೇರಿಯವರು ಟ್ವೀಟರಿಗೆ ಒಂದೇ ಒಂದು ಕೆಪಾಸಿಟರ್ ಕಟ್ಟಿ ಕೈತೊಳೆದುಕೊಳ್ಳುತ್ತಾರೆ; ಟ್ವೀಟರ್ ಸುಡದಂತೆ ಕಾಯುವುದಕ್ಕೆ ಅದು ಸಾಕು, ಸಂಗೀತಕ್ಕೆ ಸಾಲದು. 1970ರ ದಶಕದಲ್ಲಿ ಬಿ.ಬಿ.ಸಿ.ಯ ಎಂಜಿನಿಯರುಗಳು ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ಕೇಳಲು ಎಲ್.ಎಸ್. 3/5ಎ ಎಂಬ ಪುಟ್ಟ ಸ್ಪೀಕರ್ ಮಾಡಿದರು. ಐದು ಲೀಟರಿನ ಆಸುಪಾಸಿನ ಪೆಟ್ಟಿಗೆ, ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಕೆ.ಇ.ಎಫ್. ಕಂಪನಿಯ ಎರಡು ಡ್ರೈವರು. ಅಷ್ಟು ಚಿಕ್ಕದಕ್ಕೆ ಕ್ರಾಸ್‌ಓವರಿನಲ್ಲಿ ಬಿಡಿಭಾಗಗಳು ಹತ್ತಕ್ಕೂ ಹೆಚ್ಚು. ಅವರು ಅಳೆದರು, ಕೇಳಿದರು, ಮತ್ತೆ ಅಳೆದರು. ಅಂಗಡಿಯ ಬೆಲೆಯಲ್ಲಿ ಷೋರೂಮಿನ ಬಾಡಿಗೆ, ಜಾಹೀರಾತು, ಆಮದು ಸುಂಕ, ಮಧ್ಯವರ್ತಿಯ ಪಾಲು ಎಲ್ಲ ಸೇರಿರುತ್ತವೆ, ಒಪ್ಪಿದೆ. ಆದರೆ ಹೀಗೆ ಅಳೆದು ಕೇಳಿದವರ ಸಂಬಳವೂ ಸೇರಿರುತ್ತದೆ. ನೀವೇ ಕಟ್ಟಿದರೆ ಆ ಸಂಬಳ ಉಳಿಯುತ್ತದೆ, ಅಳತೆಯೂ ಉಳಿಯುತ್ತದೆ.

ಉಳಿತಾಯದ ಮಾತು ಬಂತು. ಭಾಮೈದನ ಹೆಂಡತಿ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಗಂಡ ಹೇಳಿದ ಇಪ್ಪತ್ತು ಸಾವಿರದಲ್ಲಿ ಡ್ರೈವರುಗಳು ಮಾತ್ರ ಇದ್ದವು ಎಂಬುದನ್ನು ಅವಳು ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ. ಎಂಟಡಿ ನಾಲ್ಕಡಿಯ ಪ್ಲೈವುಡ್ಡನ್ನು ಅರ್ಧ ಕೊಯ್ದು ಕೊಡಿ ಎಂದರೆ ಟಿಂಬರ್ ಯಾರ್ಡಿನವರು ನಗುತ್ತಾರೆ, ಇಡೀ ಶೀಟು ತರಬೇಕು. ಮಿಕ್ಕಿದ್ದು ಅಟ್ಟ ಸೇರುತ್ತದೆ. ಟೆಂಪೋ ಬಾಡಿಗೆ. ಆಚಾರ್ರ ಕೂಲಿ. ವಿನೀರ್, ಪಾಲಿಶ್. ವಿದೇಶದಿಂದ ತರಿಸಿದ ಕೆಪಾಸಿಟರಿಗೆ ಸುಂಕ. ಅಳೆಯಲು ಮೈಕು; ಆ ಮೈಕಿಗೆ ಸ್ಟ್ಯಾಂಡು. ಮೊದಲ ಕ್ರಾಸ್‌ಓವರ್ ಹಿಡಿಸದೆ ಎರಡನೆಯದು. ದೊಡ್ಡ ಪೆಟ್ಟಿಗೆಗೆ ದೊಡ್ಡ ಆಂಪ್ಲಿಫೈಯರ್. ಗಂಡನ ಅಂದಾಜಿನ ಎರಡರಷ್ಟು ದಾಟಿದ ಮೇಲೆ ಅವಳು ಕೂಡುವುದನ್ನು ನಿಲ್ಲಿಸಿದ್ದಾಳಂತೆ. "ಅಣ್ಣ, ನಂ ಮಿಕ್ಸಿಗೆ ಎರಡು ವರ್ಷ ಗ್ಯಾರಂಟಿ ಇದೆ. ಇದಕ್ಕೆ ಏನಿದೆ?" ಎಂದು ನನ್ನನ್ನೇ ಕೇಳಿದಳು. ಭಾಮೈದ, "ಇದಕ್ಕೆ ನಾನೇ ಗ್ಯಾರಂಟಿ" ಎಂದ. ಅವಳು ಮತ್ತೆ ಮಾತಾಡಲಿಲ್ಲ. ಆ ಗ್ಯಾರಂಟಿಯ ಅನುಭವ ಅವಳಿಗೆ ಮದುವೆಯಾದಾಗಿನಿಂದ ಇದೆ. ಮಾರಲು ಹೋದರೆ ಹೆಸರುಳ್ಳ ಕಂಪನಿಯ ಹಳೇ ಸ್ಪೀಕರಿಗೆ ಗಿರಾಕಿ ಇದ್ದಾರೆ. ಭಾಮೈದನ ಹೆಸರಿನ ಸ್ಪೀಕರನ್ನು ಕೇಳುವವರು ಗುಜರಿಯವರು, ಅದೂ ತೂಕದ ಲೆಕ್ಕದಲ್ಲಿ.

ಹಾಗೆಂದು ಕೊಳ್ಳುವ ಮಹಾಶಯರೇನೂ ಜಾಣರಲ್ಲ, ಅವರನ್ನೂ ಸ್ವಲ್ಪ ವಿಚಾರಿಸಿಕೊಳ್ಳೋಣ. ಟೇಪ್‌ರೆಕಾರ್ಡರುಗಳ ಕಾಲದಲ್ಲಿ ಇವರು ಪಿ.ಎಂ.ಪಿ.ಒ. ಎಂಬ ಉಬ್ಬಿಸಿದ ವ್ಯಾಟಿನ ಅಂಕಿ ನೋಡಿ ಕೊಂಡವರು. ಗೋಡೆಯ ಪ್ಲಗ್ಗಿನಿಂದ ಒಂದು ಬಲ್ಬಿನಷ್ಟೂ ಕರೆಂಟು ಎಳೆಯದ ಡಬ್ಬದ ಮೇಲೆ 1000 ವ್ಯಾಟ್ ಎಂದು ಬೆಳ್ಳಿಯ ಅಕ್ಷರದಲ್ಲಿ ಬರೆದಿರುತ್ತಿತ್ತು, ಇವರು ನಂಬುತ್ತಿದ್ದರು. ಈಗಲೂ ವ್ಯಾಟಿನ ಮೋಹ ಬಿಟ್ಟಿಲ್ಲ. ವ್ಯಾಟ್ ದುಪ್ಪಟ್ಟು ಮಾಡಿದರೆ ಏರುವುದು 3 ಡೆಸಿಬೆಲ್. ಕಿವಿಗೆ ದುಪ್ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತರಷ್ಟು ವ್ಯಾಟ್ ಬೇಕು. ಸಾಧಾರಣ ಸ್ಪೀಕರಿಗೆ ಒಂದೇ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 86, 88 ಡೆಸಿಬೆಲ್ ಬರುತ್ತದೆ. ನಾವು ಕೂತು ಮಾತಾಡುವುದು 60ರ ಸುತ್ತಮುತ್ತ. ವಸತಿ ಪ್ರದೇಶಕ್ಕೆ ನಮ್ಮ ಸರ್ಕಾರ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ಕೊಟ್ಟಿರುವ ಮಿತಿ ಹಗಲು 55, ರಾತ್ರಿ 45. ಒಂದನೇ ವ್ಯಾಟಿಗೇ ಅತ್ತೆ ದೇವರಮನೆಯಿಂದ ಎದ್ದು ಬರುತ್ತಾರೆ, ಎರಡನೆಯದಕ್ಕೆ ಪಕ್ಕದ ಮನೆಯವರು. ಉಳಿದ ವ್ಯಾಟುಗಳನ್ನೆಲ್ಲ ಯಾವ ಅತಿಥಿಗೆಂದು ಕಾದಿಟ್ಟಿರುತ್ತಾರೋ ತಿಳಿಯದು. ಅಂಗಡಿಯಲ್ಲಿ ಎರಡು ಜೋಡಿ ಹೋಲಿಸುವಾಗ, ಕೊಂಚ ಜೋರಾಗಿ ಹಾಡಿದ್ದು ಚೆನ್ನಾಗಿ ಹಾಡಿದಂತೆ ಕಿವಿಗೆ ಅನ್ನಿಸುತ್ತದೆ. ಮಾರುವವನಿಗೆ ಇದು ಗೊತ್ತು. ಕೊಳ್ಳುವವನಿಗೆ ತನ್ನ ಕಿವಿಯ ಮೇಲೆ ಅಪಾರ ವಿಶ್ವಾಸ.

ಕಿವಿಯ ವಿಶ್ವಾಸ ಎಂಬುದೇ ಇಡೀ ವ್ಯಾಜ್ಯದ ಬೇರು. ಭಾಮೈದನ ಸ್ಪೀಕರ್ ಸಿದ್ಧವಾದ ಮೇಲೆ ನಮ್ಮನ್ನೆಲ್ಲ ಮೈಸೂರಿಗೆ ಕರೆದ. ಜೋಶಿಯವರ ಧ್ವನಿ ಬಂತು. ಮೂಗು ಕಟ್ಟಿಕೊಂಡು ಹಾಡಿದಂತಿತ್ತು. "ಹೇಗಿದೆ ಭಾವ? ನಿಮ್ಮನೇದಕ್ಕಿಂತ ನೂರು ಪಾಲು ಮೇಲಲ್ವಾ?" ಎಂದ, ಕಣ್ಣಲ್ಲಿ ನೀರು ತುಂಬಿಕೊಂಡು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಮ್ಮ ಹಿರಿಯರು ಅಂದದ್ದನ್ನು ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಇಬ್ಬರು ವಿಜ್ಞಾನಿಗಳು 1994ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಅದೇ ಸ್ಪೀಕರುಗಳನ್ನು ಅದೇ ಜನಕ್ಕೆ ಒಮ್ಮೆ ಕಣ್ಣೆದುರು ಇಟ್ಟು, ಒಮ್ಮೆ ಪರದೆಯ ಹಿಂದೆ ಅಡಗಿಸಿ ಕೇಳಿಸಿದರು. ಅಂಕಗಳು ಬದಲಾದವು. ದೊಡ್ಡದಾಗಿ ಚೆಂದವಾಗಿ ಕಂಡದ್ದಕ್ಕೆ ಕಣ್ಣು ಕಿವಿಯ ಪರವಾಗಿ ಅಂಕ ಕೊಟ್ಟಿತ್ತು. ಕೇಳಿದವರು ಅದೇ ಕಸುಬಿನವರಾಗಿದ್ದೂ ಹೀಗಾಯಿತು. ಬರೀ ನೋಡಿದ್ದಕ್ಕೇ ಇಷ್ಟಾದರೆ, ಪ್ಲೈವುಡ್ ಹೊತ್ತು, ಬೆರಳು ಸುಟ್ಟುಕೊಂಡು, ಆಚಾರ್ರ ಕಾಲು ಹಿಡಿದು ಕಟ್ಟಿದವನ ಕಿವಿಯ ಗತಿ ಏನು? ಅದು ಕಿವಿಯಲ್ಲ, ತಾಯಿಕರುಳು. ನಾನು ಹಳೆಯ ತೆಳು ಪಂಚೆಯೊಂದನ್ನು ಅಡ್ಡ ಕಟ್ಟಿ, ಅವನ ಸ್ಪೀಕರಿನ ಪಕ್ಕ ಅಂಗಡಿಯದೊಂದು ಜೋಡಿ ಇಟ್ಟು, ಜೋರು ಸರಿದೂಗಿಸಿ ಪರೀಕ್ಷೆ ಮಾಡೋಣವೇ ಎಂದೆ. ಅವನಿಗೆ ಆ ದಿನವೇ ಕೆಲಸ ಇತ್ತು. ಆಮೇಲೂ ಇದೆ.

ಮೂಗು ಕಟ್ಟಿದ್ದರಲ್ಲಿ ಅವನ ಪಾಪವಷ್ಟೇ ಇರಲಿಲ್ಲ. ಅವನ ಕೋಣೆ ಹತ್ತಡಿ ಹನ್ನೆರಡಡಿ, ಬರಿಯ ಗೋಡೆ, ಕೆಳಗೆ ಹೊಳೆಯುವ ಟೈಲ್ಸ್. ಅಂಥ ಕೋಣೆಯ ಹನ್ನೆರಡಡಿಯ ಉದ್ದ ಸೆಕೆಂಡಿಗೆ ಸುಮಾರು 47 ಕಂಪನದಲ್ಲಿ, ಹತ್ತಡಿಯ ಅಗಲ ಸುಮಾರು 56ರಲ್ಲಿ ತಾವೇ ಹಾಡತೊಡಗುತ್ತವೆ, ಆಮೇಲೆ ಆ ಅಂಕಿಗಳ ಮಡಿಗಳಲ್ಲೂ. ಗೋಡೆಗೆ ಒರಗಿ ಕೂತವರಿಗೆ ಆ ಮೊದಲ ಸ್ವರ ಎದೆಗುದ್ದು, ನಟ್ಟನಡುವೆ ಕೂತವರಿಗೆ ಮಾಯ. ಸ್ಪೀಕರನ್ನು ಮೂಲೆಗೆ ತಳ್ಳಿದರಂತೂ ಕೋಣೆಯ ಉತ್ಸಾಹ ಹೇಳತೀರದು. ಲಕ್ಷ ಕೊಟ್ಟು ತಂದದ್ದಕ್ಕೂ ಇದೇ ಗತಿ. ಸ್ಪೀಕರನ್ನು ಗೋಡೆಯಿಂದ ಎರಡಡಿ ಈಚೆ ಎಳೆದು, ನೆಲಕ್ಕೊಂದು ಜಮಖಾನ ಹಾಸಿ, ಗೋಡೆಗೆ ಪುಸ್ತಕದ ಕಪಾಟು ತಂದಿಟ್ಟರೆ ಆಗುವ ಲಾಭ ಐವತ್ತು ಸಾವಿರದ ಹೊಸ ಸ್ಪೀಕರಿನಿಂದ ಆಗದೆ ಹೋಗಬಹುದು. ಇದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ಕಟ್ಟುವವನೂ ಕೇಳುವುದಿಲ್ಲ, ಜಮಖಾನಕ್ಕೆ ಬೆಸುಗೆ ಹಾಕುವ ಕೆಲಸ ಇರುವುದಿಲ್ಲವಲ್ಲ.

ನಮ್ಮ ತಂದೆಯವರ ಪೀಳಿಗೆಗೆ ಈ ಪ್ರಶ್ನೆಯೇ ಇರಲಿಲ್ಲ. ದೇಶದ ಆರ್ಥಿಕತೆ ತೆರೆದುಕೊಂಡ 1991ಕ್ಕೆ ಮುಂಚೆ ವಿದೇಶಿ ಸ್ಪೀಕರ್ ಎಂದರೆ ದುಬೈಯಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ಹಿಡಿಸಿದಷ್ಟು. ಇಲ್ಲಿಯದು ಎಂದರೆ ಕೋಲ್ಕತ್ತದ ಸೋನೊಡೈನ್‌ನಂಥ ಬೆರಳೆಣಿಕೆಯ ಹೆಸರುಗಳು, ಸಭೆ ಸಮಾರಂಭಕ್ಕೆ ಅಹೂಜಾ. ಹಾಗಾಗಿ ಕಟ್ಟುವವರು ಬೇರೆ ದಾರಿಯಿಲ್ಲದೆ ಕಟ್ಟಿದರು; 'ಎಲೆಕ್ಟ್ರಾನಿಕ್ಸ್ ಫಾರ್ ಯು' ಪತ್ರಿಕೆಯ ನಕ್ಷೆ ಬಿಡಿಸಿಕೊಂಡು, ಜಾಲಹಳ್ಳಿಯ ಬಿ.ಇ.ಎಲ್. ಟ್ರಾನ್ಸಿಸ್ಟರ್ ತಂದು ಆಂಪ್ಲಿಫೈಯರನ್ನೂ ತಾವೇ ಕಟ್ಟಿದರು. ಅವರಿಗೆ ನನ್ನ ನಮಸ್ಕಾರ. ಅವರು ಉಳಿತಾಯ ಎಂದರೆ ನಂಬಬಹುದಿತ್ತು. ಈಗ ನಾಲ್ಕು ಬೆರಳು ಒತ್ತಿದರೆ ಮನೆ ಬಾಗಿಲಿಗೆ ಡಬ್ಬ ಬರುವ ಕಾಲದಲ್ಲಿ ಉಳಿತಾಯಕ್ಕೆ ಕಟ್ಟುತ್ತೇನೆ ಎನ್ನುವವನನ್ನು ನಾನು ನಂಬುವುದಿಲ್ಲ. ಅವನಿಗೆ ಕಟ್ಟುವ ಆಸೆ, ಅಷ್ಟೆ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಮಗ್ಗಿಯ ಹಿಂದೆ ಅಡಗಿ ಕೂರುತ್ತಾನೆ.

ನಾಚಿಕೆ ಯಾಕೆ ಎಂದು ನಾನು ಭಾಮೈದನನ್ನು ಕೇಳಿದ್ದೇನೆ. ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ ಅಳತೆಯ ಉಪಕರಣ ಮಾಡುತ್ತಿದ್ದ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ಬಿಡುವಿನಲ್ಲಿ ಮನೆಯಲ್ಲಿ ಸ್ಪೀಕರ್ ಕಟ್ಟುತ್ತಿದ್ದವರು. ಸಹೋದ್ಯೋಗಿ ರಸ್ ರೈಲಿಯ ಹೆಸರನ್ನೂ ಸೇರಿಸಿಕೊಂಡು 1976ರಲ್ಲಿ ಅವರ ಮೂಲಕ ಬಂದ ಕ್ರಾಸ್‌ಓವರ್ ವಿಧಾನವನ್ನು ಇಂದು ದೊಡ್ಡ ದೊಡ್ಡ ಕಂಪನಿಗಳೂ ಬಳಸುತ್ತವೆ. ನಿವೃತ್ತಿಯ ಮೇಲೂ ಅವರು ಮನೆಯಲ್ಲಿ ಕಟ್ಟುವವರಿಗಾಗಿಯೇ ನಕ್ಷೆ ಮಾಡಿದರು, ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗದ ಹಿಂಬದಿ ತೆರೆದ ಸ್ಪೀಕರುಗಳದ್ದು. ಹವ್ಯಾಸಕ್ಕೆ ಇಷ್ಟು ದೊಡ್ಡ ವಂಶವೃಕ್ಷ ಇರುವಾಗ ಇಪ್ಪತ್ತು ಸಾವಿರದ ಸುಳ್ಳು ಯಾಕೆ ಬೇಕು?

ಆದ್ದರಿಂದ ನನ್ನ ತೀರ್ಪು ಇದು. ಹಾಡು ಕೇಳಬೇಕೆಂದಿದ್ದರೆ ಕೊಳ್ಳಿ. ಹೆಸರುಳ್ಳದ್ದರ ಹಳೆಯ ಜೋಡಿ ಸಿಕ್ಕರೆ ಇನ್ನೂ ಒಳ್ಳೆಯದು, ಕೋನಿನ ಅಂಚಿನ ಫೋಮ್ ಪುಡಿಯಾಗಿಲ್ಲವೇ ಎಂದು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ ಕೊಳ್ಳಿ. ಕಟ್ಟಬೇಕೆಂದಿದ್ದರೆ ಕಟ್ಟಿ, ಆದರೆ ಮೊದಲನೆಯದನ್ನು ಬೇರೆ ಯಾರೋ ಅಳೆದು ಮುಗಿಸಿರುವ ನಕ್ಷೆ ಹಿಡಿದು, ಅದೇ ಡ್ರೈವರು, ಅದೇ ಲೀಟರು, ಅದೇ ಕ್ರಾಸ್‌ಓವರ್; ಸ್ವಂತ ಬುದ್ಧಿಯನ್ನು ಪಾಲಿಶಿನ ಬಣ್ಣಕ್ಕೆ ಮೀಸಲಿಡಿ. ಮನೆಯಲ್ಲಿ ಉಳಿತಾಯ ಎಂಬ ಮಾತೆತ್ತಬೇಡಿ. 'ನನಗೆ ಆಸೆಯಾಗಿದೆ' ಎನ್ನಿ, ಅದಕ್ಕೆ ನೋಟ್‌ಬುಕ್ಕಿನಲ್ಲಿ ಕಲಂ ಇಲ್ಲ. ಹಿಂದಿನ ಹಲಗೆ ಮುಚ್ಚುವ ದಿನ ಆಚಾರ್ರ ಪಕ್ಕದಲ್ಲೇ ನಿಂತಿರಿ. ಕೊಂಡದ್ದೋ ಕಟ್ಟಿದ್ದೋ, ಪೋರ್ಟ್ ಇರುವ ಸ್ಪೀಕರಾದರೆ ಅದರ ಬಾಯಿಗೆ ಅಗಲ ಕಣ್ಣಿನದೊಂದು ಜಾಲರಿ ಹಾಕಿಸಿ. ನಮ್ಮ ಕಡೆ ಆ ತೂತಿನಲ್ಲಿ ಬೇಸ್ ಹೊರಗೆ ಬರುವ ಮೊದಲು ಹಲ್ಲಿ ಒಳಗೆ ಹೋಗಿ ಸಂಸಾರ ಹೂಡಿರುತ್ತದೆ.